ಫಂಕ್ಷನಲ್ ಪ್ರೋಗ್ರಾಮಿಂಗ್ ಗೆದ್ದಾಯ್ತು, ಆದ್ರೆ ಆ ಹೆಸರಲ್ಲಿ ಕೆಲ್ಸ ಎಲ್ಲಿದೆ?

ನಮ್ ಭಾವ ತಿಪಟೂರಲ್ಲಿ ಒಂದು ಕೊಬ್ಬರಿ ಮಂಡಿಲಿ ಲೆಕ್ಕ ಬರೀತಾರೆ. ಮೊದ್ಲು ಪುಸ್ತಕದಲ್ಲಿ ಬರೀತಿದ್ರು, ಈಗ ಹತ್ತು ಹನ್ನೆರಡು ವರ್ಷದಿಂದ ಎಕ್ಸೆಲ್ಲಲ್ಲಿ. ಅವ್ರ ಮಗ ತುಮಕೂರಲ್ಲಿ ಇಂಜಿನಿಯರಿಂಗು, ಕಂಪ್ಯೂಟರ್ ಸೈನ್ಸು, ಐದನೇ ಸೆಮ್ಮು. ಹಬ್ಬಕ್ಕೆ ಹೋದಾಗ ಹುಡುಗ ಕೇಳಿದ, "ಮಾಮ, ಹ್ಯಾಸ್ಕೆಲ್ ಕಲಿತ್ರೆ ಕೆಲ್ಸ ಸಿಗತ್ತಾ?" ಹ್ಯಾಸ್ಕೆಲ್ ಅಂದ್ರೆ ಫಂಕ್ಷನಲ್ ಪ್ರೋಗ್ರಾಮಿಂಗ್ ಅನ್ನೋ ಪದ್ಧತಿಲಿ ಕೋಡ್ ಬರೆಯೋ ಒಂದು ಕಂಪ್ಯೂಟರ್ ಭಾಷೆ. ನಾನು ಬೆಂಗಳೂರಲ್ಲಿ ಜಾವಾ ಬರ್ಕೊಂಡು ಹೊಟ್ಟೆ ಹೊರೀತಿರೋನು, ಹಿಂದೆಮುಂದೆ ನೋಡದೆ "ಇಲ್ಲ ಕಣೋ, ಸುಮ್ನೆ ಜಾವಾ ಓದು" ಅಂದ್ಬಿಟ್ಟೆ. ಮಾರನೇ ದಿನ ತುಮಕೂರಿಂದ ಯಶವಂತಪುರಕ್ಕೆ ಟ್ರೇನಲ್ಲಿ ಬಾಗಿಲ ಹತ್ರ ನಿಂತ್ಕೊಂಡು ಬರ್ತಾ, ದಾಬಸ್‌ಪೇಟೆ ದಾಟೋ ಹೊತ್ತಿಗೆ ಅನ್ನಿಸ್ತು, ನಾನು ಹೇಳಿದ್ದು ಸುಳ್ಳೇನಲ್ಲ, ಆದ್ರೆ ಅರ್ಧ ಮಾತ್ರ ಹೇಳ್ದೆ ಅಂತ. ಉಳಿದರ್ಧ ಇಲ್ಲಿ ಬರೀತಿದೀನಿ, ಅವನಿಗೂ ಕಳಿಸ್ತೀನಿ.

ಫಂಕ್ಷನಲ್ ಪ್ರೋಗ್ರಾಮಿಂಗ್ ಅಂದ್ರೇನು ಅಂತ ಹುಡುಕಿದ್ರೆ ಮೊನಾಡು ಫಂಕ್ಟರು ಅಂತೆಲ್ಲ ಬಂದು ಹೆದರಿಸ್ತವೆ. ಅದರ ಬದ್ಲು ನಮ್ ಭಾವನ ಶೀಟ್ ನೋಡಿ. ಎ ಕಾಲಮ್ಮಲ್ಲಿ ರೈತರ ಹೆಸ್ರು, ಬಿಯಲ್ಲಿ ತೂಕ, ಸಿಯಲ್ಲಿ ಆವತ್ತಿನ ದರ, ಡಿಯಲ್ಲಿ ಬಿ ಇಂಟು ಸಿ. ಅದೇ ತೂಕ ಅದೇ ದರ ಕೊಟ್ರೆ ಸೋಮವಾರ ಆಗ್ಲಿ ಗುರುವಾರ ಆಗ್ಲಿ ಡಿಯಲ್ಲಿ ಬರೋದು ಅದೇ ಉತ್ತರ, ನಿನ್ನೆ ಏನಾಗಿತ್ತು ಪಕ್ಕದ ಸಾಲಲ್ಲಿ ಯಾರಿದಾರೆ ಅದಕ್ಕೆ ಬೇಕಾಗಿಲ್ಲ. ಯಾವ ಸೆಲ್ ಮೊದ್ಲು ಲೆಕ್ಕ ಮಾಡು ಯಾವುದು ಆಮೇಲೆ ಅಂತ ಭಾವ ಒಂದಿನಾನೂ ಹೇಳಿಲ್ಲ, ಯಾವುದಕ್ಕೆ ಯಾವುದು ಸಮ ಅಂತ ಬರೆದಿಟ್ಟಿದಾರೆ ಅಷ್ಟೇ, ಮಿಕ್ಕಿದ್ದು ಎಕ್ಸೆಲ್ ನೋಡ್ಕೊಳತ್ತೆ. ಇದೇ ಫಂಕ್ಷನಲ್ ಪ್ರೋಗ್ರಾಮಿಂಗು. ಇನ್ನೊಂದು ಅರ್ಧ ಭಾವನ ಹಳೇ ಪುಸ್ತಕದಲ್ಲಿದೆ. ಬರೆದಿದ್ದು ತಪ್ಪಾದ್ರೆ ಅಳಿಸೋ ಹಾಗಿರ್ಲಿಲ್ಲ, ಅಡ್ಡಗೀಟು ಹೊಡೆದು ಕೆಳಗೆ ಹೊಸ ಸಾಲು ಬರೀಬೇಕಿತ್ತು, ವೈಟ್ನರ್ ಕಂಡ್ರೆ ಸಾಕು ಯಜಮಾನ್ರು ಎಗರಾಡ್ತಿದ್ರಂತೆ. ಒಂದ್ಸಲ ಬರೆದ ವ್ಯಾಲ್ಯೂನ ತಿದ್ದಬೇಡ, ಹೊಸದು ಮಾಡು ಅನ್ನೋದೇ ಹ್ಯಾಸ್ಕೆಲ್ಲಿನ ಮೊದಲ ಪಾಠ.

ನಾವು ಜಾವಾದವ್ರು ಇದಕ್ಕೆ ಉಲ್ಟಾ ಬೆಳೆದೋರು. ಒಂದು ಟೋಟಲ್ ಅಂತ ಡಬ್ಬಿ ಇಟ್ಕೊಂಡು ಅದನ್ನೇ ಅಳಿಸಿ ಅಳಿಸಿ ಬರೀತೀವಿ. ನಾನು ಹಿಂದೆ ಇದ್ದ ಒಂದು ಕಂಪನಿಲಿ ಎರಡು ಥ್ರೆಡ್ಡು, ಅಂದ್ರೆ ಪ್ರೋಗ್ರಾಮಿನೊಳಗೆ ಒಟ್ಟೊಟ್ಟಿಗೆ ಓಡೋ ಎರಡು ಕೆಲಸ, ಒಂದೇ ಟೋಟಲ್‌ಗೆ ಒಟ್ಟಿಗೆ ಕೈ ಹಾಕಿ, ದಿನಕ್ಕೆ ಒಂದೆರಡು ಸಲ ಲೆಕ್ಕ ತಪ್ಪೋದು, ಟೆಸ್ಟ್ ಮಾಡಿದ್ರೆ ಸರಿ ಬರೋದು, ಜನ ನಿಜವಾಗಿ ಬಳಸೋ ಕಡೆ, ಪ್ರೊಡಕ್ಷನ್ನಲ್ಲಿ, ಮಾತ್ರ ತಪ್ಪೋದು, ಮೂರು ರಾತ್ರಿ ನಿದ್ದೆಗೆಟ್ಟು ಹುಡುಕಿದೀವಿ. ಬರೆದಿದ್ದು ನಾನೇ, ಹಾಗಾಗಿ ಯಾರನ್ನೂ ಬೈಯೋ ಹಾಗೂ ಇರ್ಲಿಲ್ಲ.

ಈ ವಿದ್ಯೆ ಹೊಸದೇನಲ್ಲ. ಕಂಪ್ಯೂಟರೇ ಇಲ್ಲದಿದ್ದ 1930ರ ದಶಕದಲ್ಲಿ ಅಲಾಂಜೊ ಚರ್ಚ್ ಅನ್ನೋ ಗಣಿತದ ಮೇಷ್ಟ್ರು ಎಲ್ಲಾ ಲೆಕ್ಕನೂ ಬರೀ ಫಂಕ್ಷನ್ನುಗಳಲ್ಲೇ ಬರೆಯೋ ಲ್ಯಾಂಬ್ಡಾ ಕ್ಯಾಲ್ಕುಲಸ್ ಅಂತ ಮಾಡಿದ್ರು, 1958ರಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಅನ್ನೋ ಭಾಷೆ ಶುರು ಮಾಡಿದ್ರು. ಆಮೇಲೆ ಒಂದು ತಮಾಷೆ ಆಯ್ತು. ಫೋರ್ಟ್ರಾನ್ ಭಾಷೆ ಮಾಡಿದ ತಂಡದ ಮುಖ್ಯಸ್ಥ ಜಾನ್ ಬ್ಯಾಕಸ್, ಅಂದ್ರೆ ಡಬ್ಬಿಲಿ ಅಳಿಸಿ ಬರೆಯೋ ಪದ್ಧತಿನ ಜಗತ್ತಿಗೆಲ್ಲ ಹಂಚಿದೋರು, 1977ರಲ್ಲಿ ಕಂಪ್ಯೂಟರ್ ಲೋಕದ ದೊಡ್ಡ ಪ್ರಶಸ್ತಿ ಟ್ಯೂರಿಂಗ್ ತಗೊಳ್ಳೋವಾಗ ಅದೇ ವೇದಿಕೆ ಮೇಲೆ ಈ ಪದ್ಧತಿ ಸರಿಯಿಲ್ಲ, ಫಂಕ್ಷನಲ್ ದಾರಿ ಹಿಡೀಬೇಕು ಅಂತ ಭಾಷಣ ಮಾಡಿದ್ರು. ತಾನು ಕಟ್ಟಿದ ಮನೆಗೆ ಪಾಯ ಸರಿ ಹಾಕಿಲ್ಲ ಅಂತ ಮೇಸ್ತ್ರಿನೇ ಗೃಹಪ್ರವೇಶದ ದಿನ ಹೇಳಿದ ಹಾಗೆ. ಆ ಭಾಷಣ ಓದಿ ಒಂದು ತಲೆಮಾರಿನ ಹುಡುಗ್ರು ಈ ಕಡೆ ತಿರುಗಿದ್ರು.

ಅವರಲ್ಲೊಬ್ಬ ಸೈಮನ್ ಪೇಟನ್ ಜೋನ್ಸ್. ಈ ವಿದ್ಯೆ ಹಿಡ್ಕೊಂಡು ಜೀವನ ಹೇಗಿರತ್ತೆ ಅಂತ ನೋಡೋಕೆ ಅವರಿಗಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ. 1958ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ್ದು, 1980ರಲ್ಲಿ ಕೇಂಬ್ರಿಜ್‌ನಲ್ಲಿ ಡಿಗ್ರಿ, ಎರಡು ವರ್ಷ ಕಂಪನಿ ಕೆಲ್ಸ, ಆಮೇಲೆ ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಲೆಕ್ಚರರ್. ಪಿಎಚ್‌ಡಿ ಮಾಡ್ಲೇ ಇಲ್ಲ. ಶುರುವಲ್ಲಿ ಏನ್ ಸಂಶೋಧನೆ ಮಾಡ್ಬೇಕು ಅಂತ ಗೊತ್ತಾಗದೆ ದೊಡ್ಡ ಐಡಿಯಾ ಬರ್ಲಿ ಅಂತ ಕಾಯ್ತಾ ಕೂತಿದ್ರಂತೆ, ಹಿರಿಯ ಸಹೋದ್ಯೋಗಿ ಒಬ್ರು ಎಷ್ಟೇ ಚಿಕ್ಕದಾದ್ರೂ ಪರವಾಗಿಲ್ಲ ಏನಾದ್ರೂ ಶುರು ಮಾಡು ಅಂದ್ಮೇಲೆ ಗಾಡಿ ಹೊರಡ್ತು, ಇದನ್ನ ಅವರೇ ಹೇಳ್ಕೊಂಡಿದಾರೆ. 1990ರಲ್ಲಿ ಗ್ಲಾಸ್ಗೋದಲ್ಲಿ ಪ್ರೊಫೆಸರ್ ಆದ್ರು. ಇಲ್ಲೊಂದು ಮಾತು ಹೇಳ್ಳೇಬೇಕು: ಇದೇ ಮನುಷ್ಯ ಇವತ್ತು ನಮ್ಮಲ್ಲಿ ಯಾವುದೋ ಯೂನಿವರ್ಸಿಟಿಗೆ ಪ್ರೊಫೆಸರ್ ಪೋಸ್ಟಿಗೆ ಅರ್ಜಿ ಹಾಕಿದ್ರೆ ಪಿಎಚ್‌ಡಿ ಕಾಲಂ ಖಾಲಿ ಅಂತ ಮೊದಲ ಸುತ್ತಲ್ಲೇ ಫೈಲು ಪಕ್ಕಕ್ಕೆ ಹೋಗತ್ತೆ. ಆ ನಿಯಮ ತಪ್ಪು ಅಂತ ನಾನು ಹೇಳ್ತಿಲ್ಲ, ಇಲ್ದಿದ್ರೆ ಯಾರ್ಯಾರೋ ನುಗ್ತಾರೆ ಅನ್ನೋದು ನಂಗೂ ಗೊತ್ತು, ಆದ್ರೆ ಅಲ್ಲಿನ ದಾರಿನ ನೋಡಿ ಹಾಗೇ ಇಲ್ಲಿ ನಡೆಯೋಕೆ ಹೋದ್ರೆ ಎಡವೋದು ಇಲ್ಲೇ.

ಹ್ಯಾಸ್ಕೆಲ್ ಹುಟ್ಟಿದ್ದೂ ಜಗಳ ತಪ್ಪಿಸೋಕೆ. 1980ರ ದಶಕದಲ್ಲಿ ಒಂದೊಂದು ಯೂನಿವರ್ಸಿಟಿಯವ್ರೂ ತಮ್ಮದೇ ಒಂದು ಫಂಕ್ಷನಲ್ ಭಾಷೆ ಇಟ್ಕೊಂಡಿದ್ರು, ಎಲ್ಲಾ ಹೆಚ್ಚುಕಮ್ಮಿ ಒಂದೇ ತರ, ಒಬ್ಬರದ್ದು ಇನ್ನೊಬ್ರು ಬಳಸ್ತಿರ್ಲಿಲ್ಲ. 1987ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಲ್ಲಿ ಒಂದು ಸಮ್ಮೇಳನಕ್ಕೆ ಸೇರಿದಾಗ ಎಲ್ರೂ ಸೇರಿ ಒಂದೇ ಭಾಷೆ ಮಾಡೋಣ ಅಂತ ಕಮಿಟಿ ಮಾಡಿದ್ರು. ಕಮಿಟಿ ಮಾಡಿದ್ರೆ ಕೆಲಸ ಕೆಡತ್ತೆ ಅನ್ನೋದು ನಮ್ಮೂರಿನ ಅನುಭವ, ಇವರು 1990ರ ಏಪ್ರಿಲ್ 1ನೇ ತಾರೀಕು ಮೊದಲ ಆವೃತ್ತಿ ಬಿಟ್ಟೇಬಿಟ್ರು. ಗ್ಲಾಸ್ಗೋದಲ್ಲಿ ಪೇಟನ್ ಜೋನ್ಸ್ ಮತ್ತು ಗೆಳೆಯರು ಅದಕ್ಕೊಂದು ಕಂಪೈಲರ್, ಅಂದ್ರೆ ನಾವು ಬರೆದ ಕೋಡನ್ನ ಮೆಷಿನ್ನಿಗೆ ಅರ್ಥ ಆಗೋ ಹಾಗೆ ಬದಲಾಯಿಸೋ ಸಾಫ್ಟ್‌ವೇರ್, ಕಟ್ಟಿದ್ರು, ಹೆಸರು ಜಿಎಚ್‌ಸಿ, ಇವತ್ತಿಗೂ ಹ್ಯಾಸ್ಕೆಲ್ ಅಂದ್ರೆ ಅದೇ. ಮೂವತ್ತು ವರ್ಷಕ್ಕೂ ಮೇಲೆ ಒಂದೇ ಕಂಪೈಲರನ್ನ ತಿದ್ದಿ ತೀಡಿ ಬೆಳೆಸೋದು ಅಂದ್ರೆ ತೆಂಗಿನ ತೋಟ ಇದ್ದ ಹಾಗೆ, ಇವತ್ತು ಸಸಿ ನೆಟ್ಟು ನಾಳೆ ಕಾಯಿ ಕೇಳೋರಿಗೆ ಆಗಿಬರೋ ಬೇಸಾಯ ಅಲ್ಲ.

ಹ್ಯಾಸ್ಕೆಲ್ಲಿನವರದ್ದು ಒಂದು ಹಳೇ ಜೋಕ್ ಇದೆ, "ಅವಾಯ್ಡ್ ಸಕ್ಸೆಸ್ ಅಟ್ ಆಲ್ ಕಾಸ್ಟ್ಸ್" ಅಂತ, ಆ ಒಂದೇ ಇಂಗ್ಲಿಷ್ ವಾಕ್ಯನ ಎರಡು ತರ ಬಿಡಿಸ್ಬೋದು: ಏನಾದ್ರೂ ಆಗ್ಲಿ ಗೆಲುವು ಮಾತ್ರ ಬೇಡ ಅಂತಾನೂ ಆಗತ್ತೆ, ಏನು ಬೇಕಾದ್ರೂ ಕೊಟ್ಟು ಗೆಲ್ಲೋದು ಬೇಡ ಅಂತಾನೂ ಆಗತ್ತೆ. ಎರಡನೇದೇ ಅಸಲಿ ಅರ್ಥ ಅಂತ ಪೇಟನ್ ಜೋನ್ಸ್ ಹೇಳ್ತಾರೆ. ಬಳಸೋರು ಜಾಸ್ತಿ ಆದ್ರೆ ಭಾಷೆನ ಬದಲಾಯಿಸೋಕೆ ಆಗಲ್ಲ, ಎಲ್ರ ಕೋಡೂ ಮುರಿಯತ್ತೆ, ಕಮ್ಮಿ ಜನ ಇದ್ರೆ ಪ್ರಯೋಗ ಮಾಡ್ಬೋದು. ಅಲ್ಲಿ ಪ್ರಯೋಗ ಮಾಡಿ ಪಳಗಿಸಿದ್ದನ್ನ ಬೇರೆ ಭಾಷೆಯವ್ರು ಎತ್ಕೊಂಡು ಹೋಗ್ತಾರೆ. ಹುಡುಗನ ಪ್ರಶ್ನೆಗೆ ಉತ್ತರ ಇರೋದು ಈ ಎತ್ಕೊಂಡು ಹೋಗೋದ್ರಲ್ಲೇ.

ನೋಡಿ, ನಾನು ದಿನಾ ಜಾವಾದಲ್ಲಿ ಇದು ಸ್ಟ್ರಿಂಗ್‌ಗಳ ಲಿಸ್ಟು, ಅದು ನಂಬರ್‌ಗಳ ಲಿಸ್ಟು ಅಂತ ಬರೀತೀನಲ್ಲ ಜೆನೆರಿಕ್ಸು, 2004ರಲ್ಲಿ ಜಾವಾ 5ಕ್ಕೆ ಅದು ಬಂತು, ಅದರ ಹಿಂದೆ ಇದ್ದೋರಲ್ಲಿ ಫಿಲಿಪ್ ವಾಡ್ಲರ್ ಮತ್ತು ಮಾರ್ಟಿನ್ ಓಡರ್‌ಸ್ಕಿ ಇದಾರೆ. ವಾಡ್ಲರ್ ಹ್ಯಾಸ್ಕೆಲ್ ಕಮಿಟಿಯವ್ರು, ಓಡರ್‌ಸ್ಕಿ ಆಮೇಲೆ ಸ್ಕಾಲಾ ಅನ್ನೋ ಭಾಷೆ ಮಾಡಿದೋರು. ಲ್ಯಾಂಬ್ಡಾ, ಅಂದ್ರೆ ಹೆಸರಿಡದೆ ಅಲ್ಲಲ್ಲೇ ಬರೆಯೋ ಪುಟ್ಟ ಫಂಕ್ಷನ್ನು, 2014ರಲ್ಲಿ ಜಾವಾ 8ಕ್ಕೆ ಬಂತು, ಚರ್ಚ್ ಮೇಷ್ಟ್ರ ಕಾಲದಿಂದ ಹತ್ರ ಹತ್ರ ಎಂಬತ್ತು ವರ್ಷ ಆದ್ಮೇಲೆ. ದೊಡ್ಡ ಲೆಕ್ಕನ ನೂರಾರು ಕಂಪ್ಯೂಟರ್‌ಗೆ ಹಂಚಿ ಮಾಡಿಸೋ ಗೂಗಲ್‌ನವರ ಮ್ಯಾಪ್‌ರಿಡ್ಯೂಸ್, 2004ರ ಪೇಪರ್ರು, ಅದರ ಹೆಸರೇ ಲಿಸ್ಪಿಂದ ಬಂದಿದ್ದು. ವೆಬ್ ಪುಟ ಕಟ್ಟೋಕೆ ಬಳಸೋ ರಿಯಾಕ್ಟ್‌ನ ಮೊದಲ ಮಾದರಿ ಬರೆದಿದ್ದು ಸ್ಟ್ಯಾಂಡರ್ಡ್ ಎಂಎಲ್‌ನಲ್ಲಿ, ರಸ್ಟ್ ಭಾಷೆಯ ಮೊದಲ ಕಂಪೈಲರ್ ಓಕ್ಯಾಮಲ್‌ನಲ್ಲಿ, ಆ ಎರಡೂ ಫಂಕ್ಷನಲ್ ಭಾಷೆಗಳೇ, ಪೈಥಾನ್‌ಗೆ 2021ರಲ್ಲಿ ಪ್ಯಾಟರ್ನ್ ಮ್ಯಾಚಿಂಗ್, ಅಂದ್ರೆ ಡೇಟಾದ ಆಕಾರ ನೋಡಿ ಏನು ಮಾಡ್ಬೇಕು ಅಂತ ಆರಿಸೋದು, ಬಂತು, ಅದೂ ಇಲ್ಲಿದೇ. ಅಂದ್ರೆ ಐಡಿಯಾ ಗೆದ್ದಿದೆ, ಸಂಬಳದ ಚೀಟಿ ಮೇಲೆ ಮಾತ್ರ ಬೇರೆಯವರ ಹೆಸರಿದೆ. ಕ್ಯಾಂಪಸ್‌ಗೆ ಬರೋ ಕಂಪನಿ ಜಾವಾ ಕೇಳತ್ತೆ, ಪೈಥಾನ್ ಕೇಳತ್ತೆ, ಹ್ಯಾಸ್ಕೆಲ್ ಅಂದ್ರೆ ಎಚ್‌ಆರ್ ಮೇಡಂ ಸ್ಪೆಲ್ಲಿಂಗ್ ಕೇಳ್ತಾರೆ.

ಈ ವಿದ್ಯೆಗೆ ಸಂಬಳ ಕೊಡೋರು ಯಾರು ಹಾಗಾದ್ರೆ? ಪೇಟನ್ ಜೋನ್ಸ್ ದಾರಿನೇ ನೋಡಿ. ಎಂಟು ವರ್ಷ ಗ್ಲಾಸ್ಗೋ ಯೂನಿವರ್ಸಿಟಿ, 1998ರಿಂದ 2021ರವರೆಗೆ ಮೈಕ್ರೋಸಾಫ್ಟ್ ರಿಸರ್ಚು, ಆಮೇಲೆ ಫೋರ್ಟ್‌ನೈಟ್ ಅನ್ನೋ ಗೇಮ್ ಮಾಡೋ ಎಪಿಕ್ ಗೇಮ್ಸ್, ಅಲ್ಲಿ ವರ್ಸ್ ಅಂತ ಹೊಸ ಭಾಷೆ. ಇಪ್ಪತ್ಮೂರು ವರ್ಷ ಒಂದು ದೊಡ್ಡ ಕಂಪನಿ ಒಬ್ಬ ಮನುಷ್ಯನಿಗೆ, ತಾನು ಮಾರದೇ ಇರೋ ಭಾಷೆ ಮೇಲೆ ಕೆಲಸ ಮಾಡೋಕೆ ಸಂಬಳ ಕೊಟ್ಟಿದೆ. ಯಾಕೆ ಅಂದ್ರೆ ವಾಪಸ್ ಬಂದಿದ್ದು ಬೇರೆ ಬಾಗಿಲಿಂದ. 2003ರಲ್ಲಿ ಅವರು ಇನ್ನಿಬ್ಬರ ಜೊತೆ ಸೇರ್ಕೊಂಡು ಎಕ್ಸೆಲ್‌ನಲ್ಲಿ ಜನ ತಮ್ಮದೇ ಫಂಕ್ಷನ್ ಹೇಗೆ ಬರೀಬೋದು ಅಂತ ಒಂದು ಪೇಪರ್ ಬರೆದ್ರು. 2020ರ ಡಿಸೆಂಬರಲ್ಲಿ ಮೈಕ್ರೋಸಾಫ್ಟ್ ಲ್ಯಾಂಬ್ಡಾ ಅನ್ನೋ ಫಂಕ್ಷನ್ನನ್ನ ಎಕ್ಸೆಲ್‌ಗೆ ಸೇರಿಸ್ತು. ಹದಿನೇಳು ವರ್ಷ! ಇಷ್ಟು ತಾಳ್ಮೆ ಇರೋ ಮ್ಯಾನೇಜರ್ ನಂಗಂತೂ ಈ ಜನ್ಮದಲ್ಲಿ ಸಿಕ್ಕಿಲ್ಲ, ನಮ್ಮಲ್ಲಿ ಎರಡು ವಾರದ ಸ್ಪ್ರಿಂಟ್ ಮುಗಿಯೋಕೆ ಮುಂಚೆ ಡೆಮೊ ಕೇಳ್ತಾರೆ.

ಇನ್ನೊಂದು ದಾರಿ ಟೆಲಿಕಾಂನಿಂದ ಬಂತು. ಎರಿಕ್ಸನ್ ಕಂಪನಿಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಗೆಳೆಯರು 1986ರ ಸುಮಾರಿಗೆ ಅರ್ಲ್ಯಾಂಗ್ ಅನ್ನೋ ಫಂಕ್ಷನಲ್ ಭಾಷೆ ಶುರು ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜ್‌ಗೆ, ಒಂದು ಕರೆ ಕೆಟ್ರೆ ಇನ್ನೊಂದು ಕರೆ ಕೆಡಬಾರ್ದು ಅಂತ. ಅದನ್ನ ವಾಟ್ಸಾಪ್‌ನವ್ರು ಹಿಡ್ಕೊಂಡ್ರು. 2012ರಲ್ಲಿ ಒಂದೇ ಸರ್ವರ್ರಲ್ಲಿ 20 ಲಕ್ಷ ಕನೆಕ್ಷನ್ ನಡೆಸಿದೀವಿ ಅಂತ ಹೇಳ್ಕೊಂಡ್ರು, 2014ರಲ್ಲಿ ಫೇಸ್‌ಬುಕ್ 19 ಬಿಲಿಯನ್ ಡಾಲರ್‌ಗೆ ಕೊಂಡ್ಕೊಂಡಾಗ ಬಳಸ್ತಿದ್ದೋರು 45 ಕೋಟಿ, ಇಂಜಿನಿಯರ್‌ಗಳು ಬರೀ 32. ಇದನ್ನ ಫಂಕ್ಷನಲ್ ಭಕ್ತರು ಹೆಮ್ಮೆಯಿಂದ ಹೇಳ್ತಾರೆ, ಆದ್ರೆ ಕೆಲಸ ಹುಡುಕೋ ಹುಡುಗನ ಕಡೆಯಿಂದ ಓದಿದ್ರೆ ಇದು ಸಿಹಿ ಸುದ್ದಿ ಏನಲ್ಲ. 45 ಕೋಟಿ ಜನಕ್ಕೆ 32 ಜನ ಸಾಕು ಅಂದ್ರೆ ಮೂವತ್ಮೂರನೆಯವನು ಎಲ್ಲಿಗೆ ಹೋಗ್ಬೇಕು? ಅಂಥ ಕಡೆ ಸೀಟು ಕಮ್ಮಿ, ಕೂತೋನು ಬೇಗ ಏಳಲ್ಲ.

ನಮ್ಮ ಹತ್ರಕ್ಕೆ ಬರೋಣ, ತುಮಕೂರಿಂದ ಎಪ್ಪತ್ತು ಕಿಲೋಮೀಟರ್ರು ಅಷ್ಟೇ. ಬೆಂಗಳೂರಿನ ಜಸ್‌ಪೇ ಪೇಮೆಂಟ್ ಕಂಪನಿ ಹ್ಯಾಸ್ಕೆಲ್ ಬಳಸತ್ತೆ. ಅವರ ಕಡೆಯಿಂದ ಬಂದ ನಮ್ಮ ಯಾತ್ರಿ ಆಟೋ ಆಪ್, ಅದರ ಹಿಂದಿನ ಕೋಡು ಹ್ಯಾಸ್ಕೆಲ್ಲಲ್ಲಿದೆ, ಅದೂ ಓಪನ್ ಸೋರ್ಸು, ಯಾರು ಬೇಕಾದ್ರೂ ತೆಗೆದು ಓದ್ಬೋದು. ಟ್ರೇನ್ ಇಳಿದು ಯಶವಂತಪುರದಲ್ಲಿ ಆ ಆಪಲ್ಲಿ ಆಟೋ ಬುಕ್ ಮಾಡಿದ್ರೆ, ಚರ್ಚ್ ಮೇಷ್ಟ್ರು ಗಣಿತಕ್ಕೆ ಅಂತ ಕಂಡುಹಿಡಿದಿದ್ದೇ ನಿಮಗೆ ಆಟೋ ಹುಡುಕ್ತಾ ಇರತ್ತೆ, ಡ್ರೈವರಣ್ಣ "ಎಲ್ ಸಾರ್ ಇದೀರ, ಪಿಲ್ಲರ್ ನಂಬರ್ ಹೇಳಿ" ಅಂತ ಫೋನ್ ಮಾಡೋವರೆಗೆ.

ಓದೋ ದಾರಿಲೂ ನಮ್ಮೋರಿದಾರೆ. ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿಯಲ್ಲಿ ಪ್ರೊಫೆಸರ್ ಆಗಿದ್ದ ಅರವಿಂದ್, 2024ರಲ್ಲಿ ತೀರ್ಕೊಂಡ್ರು, ಅವರ ಕೆಲಸದಿಂದ ಬಂದಿದ್ದು ಬ್ಲೂಸ್ಪೆಕ್ ಅನ್ನೋ ಭಾಷೆ. ಹ್ಯಾಸ್ಕೆಲ್ ನೆಂಟಸ್ತಿಕೆ ಇರೋ ಆ ಭಾಷೆಲಿ ಸಾಫ್ಟ್‌ವೇರ್ ಬರೆಯಲ್ಲ, ಚಿಪ್ ಬರೀತಾರೆ. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್ ಬರೆದಿದ್ದು ಅದರಲ್ಲೇ. ಅದೇ ಐಐಟಿ ಮದ್ರಾಸಿನ ಕೆ.ಸಿ. ಶಿವರಾಮಕೃಷ್ಣನ್ ಮುಂದೆ ನಿಂತು ವರ್ಷಗಟ್ಟಲೆ ಮಾಡಿದ ಕೆಲಸದಿಂದ ಓಕ್ಯಾಮಲ್ ಭಾಷೆ ಒಂದೇ ಸಲ ಪ್ರೊಸೆಸರ್ರಿನ ಹಲವು ಕೋರ್‌ಗಳಲ್ಲಿ ಓಡೋ ಹಾಗಾಯ್ತು, 2022ರ ಡಿಸೆಂಬರಲ್ಲಿ ಓಕ್ಯಾಮಲ್ 5 ಆಗಿ ಹೊರಬಂತು. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಅವರ ಹ್ಯಾಸ್ಕೆಲ್ ಪಾಠ ಐಐಟಿಗಳ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಇದೆ. ಹಾಗಾಗಿ ತುಮಕೂರಿನ ಹುಡುಗನಿಗೆ ದಾರಿ ಮುಚ್ಚಿಲ್ಲ, ಬಿ.ಇ. ಮುಗಿಸಿ ಗೇಟ್ ಬರೆದು ಐಐಟಿಗೋ ಐಐಎಸ್‌ಸಿಗೋ ಹೋಗಿ ಕಂಪೈಲರ್ರೋ, ಕೋಡ್ ಸರಿ ಇದೆ ಅಂತ ಗಣಿತದಿಂದ ಸಾಧಿಸೋ ಪ್ರೋಗ್ರಾಂ ವೆರಿಫಿಕೇಶನ್ನೋ ಹಿಡೀಬೇಕು, ಅಷ್ಟು ವರ್ಷ ಮನೇಲಿ ಕಾಯೋ ಶಕ್ತಿ ಇರ್ಬೇಕು. ಈ ಕೊನೇದನ್ನ ಯಾರೂ ಹೇಳಲ್ಲ. ಕೊಬ್ಬರಿ ದರ ಬಿದ್ದ ವರ್ಷ ತಿಪಟೂರಿನ ಎಷ್ಟು ಮನೇಲಿ ಮಗನಿಗೆ "ಇನ್ನೂ ಓದು" ಅನ್ನೋಕಾಗತ್ತೆ? ಕ್ಯಾಂಪಸ್‌ನಲ್ಲಿ ಸಿಕ್ಕಿದ ಆಫರ್ ಬಿಡಬೇಡ ಅಂತಾನೇ ನಾನೂ ಹೇಳೋದು.

ಆದ್ರೆ ಆ ಕ್ಯಾಂಪಸ್ ಆಫರ್ರೇ ಈಗ ಅಲುಗಾಡ್ತಿದೆ, ಹುಡುಗ ಪ್ರಶ್ನೆ ಕೇಳಿದ್ದೂ ಅದಕ್ಕೇ. ಫ್ರೆಶರ್‌ಗಳಿಗೆ ಅಂತ ಇಡ್ತಿದ್ದ ಕೆಲಸ, ಒಂದು ಫಾರ್ಮಿಂದ ತಗೊಂಡು ಡೇಟಾಬೇಸ್‌ಗೆ ಹಾಕೋ ಕೋಡು, ಈಗ ಎಐ ಕೈಲಿ ಹೇಳಿದ್ರೆ ಕಾಫಿ ಆರೋದ್ರೊಳಗೆ ಬರೆದುಕೊಡತ್ತೆ. ನಮ್ಮ ಟೀಮಲ್ಲೇ ನೋಡ್ತಿದೀನಿ, ಬರೆಯೋ ಕೆಲಸ ಕಮ್ಮಿ ಆಗಿದೆ, ಬರೆದಿದ್ದು ಸರಿ ಇದ್ಯಾ ಅಂತ ನೋಡೋ ಕೆಲಸ ಜಾಸ್ತಿ ಆಗಿದೆ. ನೋಡೋಕೆ ಚೆನ್ನಾಗೇ ಇರತ್ತೆ, ಒಳಗೆ ಎಲ್ಲೋ ಒಂದು ಕಡೆ ಹುಳುಕು, ತೆಂಗಿನಕಾಯಿ ತರ ಒಡೆದು ನೋಡೋವರೆಗೂ ಗೊತ್ತಾಗಲ್ಲ. ಬರೆದಿದ್ದು ಸರಿನಾ ಅಂತ ಮೆಷಿನ್ ಕೈಲೇ ಪರೀಕ್ಷೆ ಮಾಡಿಸೋದು ಹೇಗೆ ಅಂತ ನಲವತ್ತು ಐವತ್ತು ವರ್ಷದಿಂದ ತಲೆ ಕೆಡಿಸ್ಕೊಂಡಿರೋರು ಈ ಫಂಕ್ಷನಲ್ ಜನಾನೇ. 1970ರ ದಶಕದಲ್ಲಿ ರಾಬಿನ್ ಮಿಲ್ನರ್ ಎಂಎಲ್ ಭಾಷೆ ಮಾಡಿದ್ದೇ ಪ್ರಮೇಯಗಳನ್ನ ಸಾಧಿಸೋ ಒಂದು ಸಾಫ್ಟ್‌ವೇರ್‌ಗೋಸ್ಕರ. ಅದೇ ವಂಶದ, ಗಣಿತದ ಸಾಧನೆ ಸರಿನಾ ಅಂತ ಪರೀಕ್ಷೆ ಮಾಡೋ ಲೀನ್ ಅನ್ನೋ ಭಾಷೆ ಮೇಲೆ ನಿಂತು 2024ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಆಲ್ಫಾಪ್ರೂಫ್ ಅನ್ನೋ ಎಐ, ಜೊತೆಗೆ ಅವರದೇ ಆಲ್ಫಾಜಿಯಾಮೆಟ್ರಿ, ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ಲೆಕ್ಕಗಳಲ್ಲಿ 42ಕ್ಕೆ 28 ಅಂಕ ತೆಗೆದವು, ಬೆಳ್ಳಿ ಪದಕದ ಮಟ್ಟ. ಎಐ ಬಾಯಿಗೆ ಬಂದಿದ್ದು ಹೇಳತ್ತೆ, ಲೀನ್ ಒಂದೊಂದು ಹೆಜ್ಜೆನೂ ನೋಡಿ ಒಪ್ಪತ್ತೆ ಇಲ್ಲ ಓಡಿಸತ್ತೆ. ಈ ಕಾವಲುಗಾರನನ್ನ ಕಟ್ಟೋ ಕೆಲಸಕ್ಕೆ ಮುಂದೆ ಬೇಡಿಕೆ ಬರತ್ತೆ ಅಂತ ನನ್ನ ಲೆಕ್ಕ. ತಪ್ಪಿದ್ರೂ ತಪ್ಪಬೋದು, ಫಂಕ್ಷನಲ್ ಪ್ರೋಗ್ರಾಮಿಂಗ್ ಕಾಲ ಬಂತು ಅಂತ ಈ ಹಿಂದೆ ಹೇಳಿದ ಬಹಳ ಜನ ತಪ್ಪಿದಾರೆ.

ಸಣ್ಣದಾಗಿ ಇದನ್ನ ಮಾಡಿ ನೋಡೋಕೂ ಸಾಧನ ಇದೆ. ಜಾನ್ ಹ್ಯೂಸ್ ಮತ್ತು ಕೂನ್ ಕ್ಲಾಸೆನ್ 2000ದಲ್ಲಿ ಹ್ಯಾಸ್ಕೆಲ್‌ಗೆ ಕ್ವಿಕ್‌ಚೆಕ್ ಅಂತ ಮಾಡಿದ್ರು. ನಾವು ಟೆಸ್ಟ್ ಕೇಸ್ ಬರೆಯಲ್ಲ, ಯಾವತ್ತೂ ನಿಜ ಇರಬೇಕಾದ ಒಂದು ಮಾತು ಬರೀತೀವಿ, ಅದು ತಾನೇ ಸಿಕ್ಕಾಪಟ್ಟೆ ವ್ಯಾಲ್ಯೂಗಳನ್ನ ಹಾಕಿ, ಸುಮ್ನೆ ಬಿಟ್ರೆ ನೂರು ಸಲ, ಆ ಮಾತನ್ನ ಮುರಿಯೋಕೆ ನೋಡತ್ತೆ. ಆಮೇಲೆ ಹುಡುಗನಿಗೆ ಹೇಳ್ದೆ, ನಿಮ್ಮಪ್ಪನ ಲೆಕ್ಕನೇ ತಗೊ. ಚೀಲ ಚೀಲಕ್ಕೆ ಬೇರೆ ಬೇರೆ ಲೆಕ್ಕ ಮಾಡಿ ಕೂಡಿದ್ರೂ, ಎಲ್ಲಾ ತೂಕ ಒಟ್ಟಿಗೆ ಹಾಕಿ ಲೆಕ್ಕ ಮಾಡಿದ್ರೂ ರೈತನಿಗೆ ಸಿಗೋ ದುಡ್ಡು ಒಂದೇ ಆಗಿರ್ಬೇಕು, ಇದು ನಿನ್ನ ಮಾತು, ಬರಿ. ಅವನು ಎಐ ಕೈಲಿ ಮಂಡಿ ಲೆಕ್ಕದ ಹ್ಯಾಸ್ಕೆಲ್ ಕೋಡ್ ಬರೆಸಿದ, ಕ್ವಿಕ್‌ಚೆಕ್ ಓಡಿಸಿದ, ಕಣ್ಮುಚ್ಚಿ ತೆಗೆಯೋದ್ರೊಳಗೆ ಬಿತ್ತು. ಎಐ ಒಂದೊಂದು ಚೀಲಕ್ಕೂ ರೂಪಾಯಿಗೆ ರೌಂಡ್ ಮಾಡ್ತಿತ್ತು. ಕ್ವಿಂಟಾಲಿಗೆ 14,350 ಅಂತ ಇಟ್ಕೊಳ್ಳಿ, 43.6 ಕೆಜಿ ಚೀಲಕ್ಕೆ 6,256 ರೂಪಾಯಿ 60 ಪೈಸೆ, ರೌಂಡ್ ಮಾಡಿದ್ರೆ 6,257. ಅಂಥ ಹತ್ತು ಚೀಲಕ್ಕೆ 62,570, ಒಟ್ಟಿಗೆ ತೂಗಿದ್ರೆ 62,566. ನಾಲ್ಕು ರೂಪಾಯಿ ವ್ಯತ್ಯಾಸ. ಹುಡುಗ ಏನೋ ಕಂಡುಹಿಡಿದೋನ ತರ ಅಪ್ಪನಿಗೆ ತೋರಿಸಿದ. ಭಾವ ಕನ್ನಡಕದ ಮೇಲಿಂದ ನೋಡಿ, "ಅದಕ್ಕೇ ಕಣಪ್ಪ ಕೊನೇಲಿ ಒಂದೇ ಸಲ ರೌಂಡ್ ಮಾಡೋದು, ಇಲ್ದಿದ್ರೆ ಸಂಜೆ ಕ್ಯಾಶ್ ಟ್ಯಾಲಿ ಆಗಲ್ಲ" ಅಂದ್ರು.

ಅಷ್ಟಕ್ಕೇ ಬಿಡ್ಲಿಲ್ಲ ಹುಡುಗ. ಅಪ್ಪ ಒಂದೊಂದು ಸಾಲಿಗೂ ತೂಕ, ದರ, ಹಮಾಲಿ, ಚೀಲದ ತೂಕ ಕಳೆಯೋದು ಅಂತ ಒಂದುದ್ದ ಫಾರ್ಮುಲಾ ಎಳೀತಾರಲ್ಲ, ಅದನ್ನೆಲ್ಲ ಸೇರಿಸಿ ತನ್ನ ಲ್ಯಾಪ್‌ಟಾಪಿನ ಎಕ್ಸೆಲ್ಲಲ್ಲಿ ಒಂದು ಲ್ಯಾಂಬ್ಡಾ ಬರೆದು "ಪಾವತಿ" ಅಂತ ಹೆಸರಿಟ್ಟ. ತೂಕ, ದರ, ಚೀಲ ಎಷ್ಟು ಅಂತ ಮೂರು ಕೊಟ್ರೆ ಮುಗೀತು. ಮನೇಲಿ ಚೆನ್ನಾಗೇ ಓಡ್ತು, ಭಾವನಿಗೂ ಖುಷಿ, ಪೆನ್ ಡ್ರೈವಲ್ಲಿ ಹಾಕ್ಕೊಂಡು ಮಂಡಿಗೆ ತಗೊಂಡು ಹೋದ್ರು. ಮಂಡಿಲಿರೋದು 2010ರ ಎಕ್ಸೆಲ್ಲು. ಸಾಲು ಸಾಲಾಗಿ ತೂಕ ಬದಲಾಯಿಸ್ತಾ ಹೋದಂಗೆ ಡಿ ಕಾಲಂ ಉದ್ದಕ್ಕೂ ನೇಮ್ ಎರರ್ರು, ಅಂದ್ರೆ ಈ ಹೆಸರು ನಂಗೊತ್ತಿಲ್ಲ ಅಂತ. ಹೊರಗೆ ರೈತರು ಕಾಯ್ತಿದಾರೆ, ಭಾವ ಹಳೇ ಫೈಲ್ ತೆಗೆದು ಫಾರ್ಮುಲಾ ಕೆಳಗೆಳೆದು ಚೀಟಿ ಬರ್ಕೊಟ್ರು. ರಾತ್ರಿ ನಂಗೆ ಫೋನ್ ಮಾಡಿ ಕೇಳಿದ್ರು, "ಹೊಸ ಎಕ್ಸೆಲ್‌ಗೆ ಎಷ್ಟಾಗತ್ತೆ? ಯಜಮಾನ್ರು ಕೇಳ್ತಿದಾರೆ."